ಮಗು ವಾಸಿಯಾಯಿತು ನಿಜ, ಆದರೆ ಯಾವುದರಿಂದ?

ಒಂದರಿಂದ ಮೂರು ವರ್ಷದ ಮಗುವಿರುವ ಮನೆಯಲ್ಲಿ ಕಾಯಿಲೆಗೆ ಬಿಡುವೇ ಇರುವುದಿಲ್ಲ. ಮೂಗು ಸೋರುವುದು ನಿಂತಿತು ಎನ್ನುವಷ್ಟರಲ್ಲಿ ಕೆಮ್ಮು, ಕೆಮ್ಮು ಇಳಿಯಿತು ಎನ್ನುವಷ್ಟರಲ್ಲಿ ಜ್ವರ, ನಡುವೆ ಒಂದೆರಡು ಸಲ ವಾಂತಿ ಭೇದಿ, ಕಿವಿನೋವು, ರಾತ್ರಿಯಿಡೀ ಗೊರಗೊರ ಎನ್ನುವ ಎದೆ. ಅಂಗನವಾಡಿಗೋ ಪ್ಲೇಹೋಮ್‌ಗೋ ಸೇರಿಸಿದ ಮೊದಲ ವರ್ಷದ ಪಾಡಂತೂ ಹೇಳತೀರದು. ಡಾಕ್ಟರು ಬರೆದ ಸಿರಪ್ಪುಗಳು ಫ್ರಿಜ್ಜಿನ ಬಾಗಿಲಲ್ಲಿ ಸಾಲುಗಟ್ಟುತ್ತವೆ, ವರ್ಷದಲ್ಲಿ ಮೂರ್ನಾಲ್ಕು ಬಾರಿ ಆಂಟಿಬಯಾಟಿಕ್ ಆಗಿಹೋಗುತ್ತದೆ, ಆದರೂ ಮುಂದಿನ ತಿಂಗಳು ಅದೇ ಕತೆ. ಆಗ ಅಕ್ಕಪಕ್ಕದವರೋ ನೆಂಟರೋ ಒಂದು ಮಾತು ಹೇಳುತ್ತಾರೆ: ಇಂಗ್ಲಿಷ್ ಔಷಧಿ ಕೊಟ್ಟೂ ಕೊಟ್ಟೂ ಮಗುವಿನ ಶಕ್ತಿಯೇ ಕುಂದಿದೆ, ಒಮ್ಮೆ ಹೋಮಿಯೋಪತಿ ತೋರಿಸಿ ನೋಡಿ. ದಿನಕ್ಕೆ ಮೂರು ಸಲ ನಾಲ್ಕು ಬಿಳಿ ಗುಳಿಗೆ, ಕಹಿಯಿಲ್ಲ, ರಂಪವಿಲ್ಲ. ಆರು ತಿಂಗಳು, ಒಂದು ವರ್ಷ ಕಳೆಯುವಷ್ಟರಲ್ಲಿ ಮಗು ನಿಜಕ್ಕೂ ಸುಧಾರಿಸಿರುತ್ತದೆ. ಆ ಸುಧಾರಣೆಯನ್ನು ಕಣ್ಣಾರೆ ಕಂಡ ತಾಯಿಗೆ ಗುಳಿಗೆಯಲ್ಲಿ ಏನೂ ಇಲ್ಲವೆಂದು ಹೇಳಿದರೆ ಕೋಪ ಬರುವುದು ಸಹಜ. ಆಕೆ ಕಂಡದ್ದು ಸುಳ್ಳಲ್ಲ. ಆದರೆ ಮಗು ಚೇತರಿಸಿಕೊಂಡಿತು ಎಂಬುದೊಂದು ಸಂಗತಿ, ಈ ಔಷಧದಿಂದ ಚೇತರಿಸಿಕೊಂಡಿತು ಎಂಬುದು ಬೇರೆಯದೇ ಸಂಗತಿ. ಇವೆರಡರ ನಡುವಿನ ಅಂತರವನ್ನು ಅಳೆಯದೆ ಯಾವ ಪದ್ಧತಿಯ ಔಷಧವನ್ನೂ ಎಳೆಯ ಮಕ್ಕಳ ಬಾಯಿಗೆ ಹಾಕಬಾರದು ಎಂಬುದು ನನ್ನ ವಾದ.

ಮೊದಲು ಈ ವಯಸ್ಸಿನ ಕಾಯಿಲೆಗಳ ಸ್ವಭಾವವನ್ನೇ ನೋಡೋಣ. ಆರೋಗ್ಯವಂತ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ಬಾರಿ ನೆಗಡಿಯಾಗುವುದು ವಾಡಿಕೆ. ಹತ್ತಾರು ಮಕ್ಕಳ ಜೊತೆ ಬೆರೆಯುವ ಮಗುವಿಗೆ ಅದು ಹತ್ತು ದಾಟಿದರೂ ಅಚ್ಚರಿಯಿಲ್ಲ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು, ಮಗುವಿನ ದೇಹ ಅವುಗಳಲ್ಲಿ ಒಂದೊಂದನ್ನೇ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ಒಂದು ನೆಗಡಿ ಏಳರಿಂದ ಹತ್ತು ದಿನ ಇರುತ್ತದೆ, ಅದರ ಹಿಂದಿನ ಕೆಮ್ಮು ಮೂರು ವಾರದವರೆಗೂ ಎಳೆಯಬಹುದು. ಎಂಟು ನೆಗಡಿಗೆ ಎರಡೆರಡು ವಾರ ಹಿಡಿದರೂ ವರ್ಷದಲ್ಲಿ ನಾಲ್ಕು ತಿಂಗಳು ಮಗು ಕೆಮ್ಮುತ್ತಲೇ ಇರುತ್ತದೆ, ಅದೂ ಮಳೆಗಾಲ ಚಳಿಗಾಲಗಳಲ್ಲಿ ಒತ್ತಾಗಿ. ಇದನ್ನು ಯಾರೂ ಮೊದಲೇ ಹೇಳದಿದ್ದರೆ ಹೆತ್ತವರಿಗೆ ಮಗುವಿನಲ್ಲೇ ಏನೋ ಕೊರತೆಯಿದೆ ಅನಿಸದೆ ಇರುವುದಿಲ್ಲ. ಇನ್ನು ಉಬ್ಬಸ. ಅಮೆರಿಕದ ಅರಿಝೋನಾದ ಟ್ಯೂಸಾನ್‌ನಲ್ಲಿ ನೂರಾರು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಆರು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಒಮ್ಮೆಯಾದರೂ ಎದೆ ಸುಯ್ಗುಟ್ಟಿತ್ತು. ಮೂರು ವರ್ಷಕ್ಕೆ ಮೊದಲು ಹಾಗಾಗಿದ್ದ ಮಕ್ಕಳಲ್ಲಿ ಸುಮಾರು ಶೇ 60ರಷ್ಟು ಮಂದಿಗೆ ಆರನೆಯ ವಯಸ್ಸಿಗೆ ಅದು ನಿಂತುಹೋಗಿತ್ತು. ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಮೂರರಿಂದ ಆರೇಳು ವರ್ಷದವರೆಗೆ ದೊಡ್ಡದಿದ್ದು ಆಮೇಲೆ ತಾನಾಗಿ ಕುಗ್ಗುತ್ತದೆ. ಕಿವಿನೋವಿನ ಬಹುಪಾಲು ಪ್ರಕರಣಗಳು ಎರಡು ಮೂರು ದಿನಗಳಲ್ಲಿ ತಾವೇ ಇಳಿಯುತ್ತವೆ.

ಈಗ ಹೆತ್ತವರು ಯಾವಾಗ ಹೊಸ ವೈದ್ಯರನ್ನು ಹುಡುಕುತ್ತಾರೆಂಬುದನ್ನು ಯೋಚಿಸಿ. ಮಗು ಚೆನ್ನಾಗಿರುವಾಗ ಯಾರೂ ಹೋಗುವುದಿಲ್ಲ. ಬೆನ್ನುಬೆನ್ನಿಗೆ ಮೂರು ಬಾರಿ ಜ್ವರ ಬಂದು, ತೂಕ ಇಳಿದು, ಎಲ್ಲರ ನಿದ್ದೆ ಕೆಟ್ಟು, ಇನ್ನು ತಡೆಯಲಾರೆವು ಎಂಬ ಹಂತದಲ್ಲಿ ಹೋಗುತ್ತಾರೆ. ಏರಿಳಿತವಿರುವ ಯಾವುದೇ ಕಾಯಿಲೆಯಲ್ಲಿ ಅತಿ ಕೆಟ್ಟ ಹೊತ್ತಿನ ನಂತರ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಒಳ್ಳೆಯ ಹೊತ್ತೇ. ಅದರ ಮೇಲೆ ದೀರ್ಘ ಚಿಕಿತ್ಸೆಯೆಂಬ ಹೆಸರಿನಲ್ಲಿ ವರ್ಷವೊಂದು ಸರಿಯುತ್ತದೆ. ಆ ವರ್ಷದಲ್ಲಿ ಮಗು ಹತ್ತಾರು ವೈರಸ್‌ಗಳನ್ನು ಎದುರಿಸಿ ಮುಗಿಸಿರುತ್ತದೆ, ಶ್ವಾಸನಾಳಗಳು ಅಗಲವಾಗಿರುತ್ತವೆ, ಋತು ಬದಲಾಗಿರುತ್ತದೆ. ಹಾಗಾಗಿ ಕಟ್ಟಕಡೆಗೆ ಕೊಟ್ಟ ಔಷಧ ಯಾವುದೋ ಅದಕ್ಕೇ ಕೀರ್ತಿ ಸಲ್ಲುತ್ತದೆ. ಅದು ಹೋಮಿಯೋಪತಿಯ ಗುಳಿಗೆಯಾಗಬಹುದು, ನಾಟಿ ವೈದ್ಯರು ಕೊಟ್ಟ ಬೇರಾಗಬಹುದು, ದುಬಾರಿ ಇಮ್ಯುನಿಟಿ ಸಿರಪ್ಪಾಗಬಹುದು, ಯಂತ್ರ ಕಟ್ಟಿಸಿದ ತಾಯಿತವೂ ಆಗಬಹುದು. ಒಂದೇ ಮಗುವನ್ನು ನೋಡಿ ಇವುಗಳಲ್ಲಿ ಯಾವುದು ಕೆಲಸ ಮಾಡಿತೆಂದು ಹೇಳಲು ತಾಯಿಗಾಗಲಿ, ಮೂವತ್ತು ವರ್ಷ ಅನುಭವವಿರುವ ವೈದ್ಯರಿಗಾಗಲಿ ಸಾಧ್ಯವಿಲ್ಲ. ಅದಕ್ಕಾಗಿಯೇ ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಬರಿಯ ಸಕ್ಕರೆ ಗುಳಿಗೆ ಕೊಟ್ಟು, ಯಾರಿಗೆ ಯಾವುದು ಹೋಯಿತೆಂದು ಕೊಟ್ಟವರಿಗೂ ತಿಳಿಯದಂತೆ ಇಟ್ಟು ಹೋಲಿಸುವ ಕ್ರಮ ಹುಟ್ಟಿಕೊಂಡದ್ದು. ಇದನ್ನು ಪಾಶ್ಚಾತ್ಯ ವೈದ್ಯದ ಹಟವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಕಾಣುವಂತೆ ಇದು ನಮ್ಮ ಆಸೆ ನಮ್ಮ ಕಣ್ಣನ್ನು ಮೋಸಗೊಳಿಸದಂತೆ ಹಾಕಿಕೊಂಡ ಕಟ್ಟುಪಾಡು, ಅಷ್ಟೆ.

ಇಲ್ಲಿ ಒಂದು ಜನಪ್ರಿಯ ಆಕ್ಷೇಪ ಏಳುತ್ತದೆ. ನಂಬಿಕೆಯಿಂದ ವಾಸಿಯಾಗುವುದು ದೊಡ್ಡವರಿಗೆ ಸರಿ, ಒಂದೂವರೆ ವರ್ಷದ ಕೂಸಿಗೆ ನಂಬಿಕೆ ಎಲ್ಲಿಂದ ಬಂತು, ಅದಕ್ಕೂ ಗುಣವಾಗುತ್ತದಲ್ಲ ಎಂದು. ಪ್ರಶ್ನೆ ಗಂಭೀರವಾದದ್ದೇ, ಅದನ್ನು ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಮ್ಮಿನಿಂದ ಬಳಲುತ್ತಿದ್ದ ನಾಲ್ಕು ವರ್ಷದೊಳಗಿನ ಸುಮಾರು 120 ಮಕ್ಕಳನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಭೂತಾಳೆ ಜಾತಿಯ ಗಿಡದ ಸಿಹಿ ಪಾಕ, ಇನ್ನೊಂದಕ್ಕೆ ಬಣ್ಣ ಮತ್ತು ಸಿಹಿರುಚಿ ಬೆರೆಸಿದ ನೀರು, ಮೂರನೆಯದಕ್ಕೆ ಏನೂ ಇಲ್ಲ. ಬೆಳಗ್ಗೆ ಕೇಳಿದಾಗ ಏನಾದರೊಂದನ್ನು ಕೊಟ್ಟಿದ್ದ ಎರಡೂ ಗುಂಪಿನ ಹೆತ್ತವರು ಮಗು ರಾತ್ರಿ ಹೆಚ್ಚು ನೆಮ್ಮದಿಯಾಗಿ ಮಲಗಿತೆಂದರು; ಪಾಕಕ್ಕೂ ಬಣ್ಣದ ನೀರಿಗೂ ವ್ಯತ್ಯಾಸವೇ ಕಾಣಲಿಲ್ಲ. ಮಗುವಿಗೆ ನಂಬಿಕೆ ಬೇಕಿಲ್ಲ, ಕೊಡುವವರಿಗೆ ಇದ್ದರೆ ಸಾಕು. ಮಗು ಹೇಗಿದೆಯೆಂದು ವರದಿ ಮಾಡುವವರು ಅವರೇ ತಾನೇ? ಜೊತೆಗೆ, ಔಷಧ ಕೊಟ್ಟಾಯಿತೆಂಬ ಸಮಾಧಾನದಲ್ಲಿರುವ ತಾಯಿಯ ತೋಳಿನಲ್ಲಿ ಮಗುವೂ ಬೇಗ ಸುಮ್ಮನಾಗುತ್ತದೆ.

ಹೋಮಿಯೋಪತಿಯನ್ನು ಈ ಕಟ್ಟುಪಾಡಿನಡಿ ನಿಲ್ಲಿಸಿದಾಗ ಏನಾಯಿತು? ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ 1796ರಲ್ಲಿ ಮುಂದಿಟ್ಟ ತತ್ವ ಎಲ್ಲರಿಗೂ ಗೊತ್ತಿರುವಂಥದು: ಆರೋಗ್ಯವಂತನಲ್ಲಿ ಯಾವ ಲಕ್ಷಣ ತರುವುದೋ ಅದೇ ವಸ್ತು ಆ ಲಕ್ಷಣವುಳ್ಳ ರೋಗಿಯನ್ನು ಗುಣಪಡಿಸುತ್ತದೆ, ಅದೂ ತೆಳುವಾಗಿಸಿದಷ್ಟೂ ಪ್ರಬಲವಾಗಿ. ಬಾಟಲಿಯ ಮೇಲೆ 30 ಎಂದಿದ್ದರೆ ಮೂಲವಸ್ತುವಿನ ಒಂದು ಭಾಗವನ್ನು ನೂರರಲ್ಲಿ ಬೆರೆಸಿ, ಅದರ ಒಂದು ಭಾಗವನ್ನು ಮತ್ತೆ ನೂರರಲ್ಲಿ ಬೆರೆಸಿ, ಹೀಗೆ ಮೂವತ್ತು ಸಲ ಮಾಡಲಾಗಿದೆ ಎಂದರ್ಥ. ಒಂದರ ಮುಂದೆ ಅರವತ್ತು ಸೊನ್ನೆ ಬರೆದರೆ ಬರುವ ಸಂಖ್ಯೆಯಲ್ಲಿ ಒಂದು ಪಾಲು. ಭೂಮಿಯ ಎಲ್ಲ ಸಾಗರಗಳಲ್ಲಿರುವ ನೀರಿನ ಅಣುಗಳನ್ನು ಎಣಿಸಿದರೂ ಅಷ್ಟಾಗುವುದಿಲ್ಲ. ಹನ್ನೆರಡನೆಯ ಸಲ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ತೀರ ಕಡಿಮೆ. ಆದರೂ ತತ್ವ ವಿಚಿತ್ರವಾಗಿದೆ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ತಿರಸ್ಕರಿಸುತ್ತಿಲ್ಲ; ಫಲ ಸಿಕ್ಕಿದ್ದರೆ ವಿವರಣೆ ಆಮೇಲೆ ಹುಡುಕಬಹುದಿತ್ತು. ಮಕ್ಕಳ ನೆಗಡಿ, ಕೆಮ್ಮಿನಂಥ ಉಸಿರಾಟದ ಸೋಂಕುಗಳಲ್ಲಿ ಹೋಮಿಯೋಪತಿ ಕುರಿತ ಪ್ರಯೋಗಗಳನ್ನು, ವೈದ್ಯಕೀಯ ಆಧಾರಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟುಗೂಡಿಸಿ ನೋಡಿತು. ಎಂಟು ಪ್ರಯೋಗಗಳು, 1562 ಮಕ್ಕಳು. ತಡೆಯುವುದರಲ್ಲಾಗಲಿ ಗುಣಪಡಿಸುವುದರಲ್ಲಾಗಲಿ ಸಕ್ಕರೆ ಗುಳಿಗೆಗಿಂತ ಮೇಲೆಂದು ಹೇಳಲು ನಂಬಲರ್ಹ ಆಧಾರ ಸಿಗಲಿಲ್ಲ. ಎಚ್ಚರಿಕೆಯಿಂದ ನಡೆಸಿದ ಪ್ರಯೋಗಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ 61 ಬಗೆಯ ಆರೋಗ್ಯ ಸಮಸ್ಯೆಗಳ ಮೇಲಿನ 176 ಅಧ್ಯಯನಗಳನ್ನು ಜಾಲಾಡಿ ಒಂದಕ್ಕೂ ಭರವಸೆಯ ಆಧಾರವಿಲ್ಲ ಎಂದಿತು. 2017ರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ತನ್ನ ವೈದ್ಯರಿಗೆ ಅದನ್ನು ಬರೆಯಬೇಡಿ ಎಂದಿತು, 2021ರಿಂದ ಫ್ರಾನ್ಸ್ ಸರ್ಕಾರ ಅದರ ವೆಚ್ಚ ತುಂಬಿಕೊಡುವುದನ್ನು ನಿಲ್ಲಿಸಿತು.

ಹೋಮಿಯೋಪತಿ ವೈದ್ಯರ ಉತ್ತರವನ್ನೂ ಕೇಳಬೇಕು. ನಮ್ಮದು ರೋಗಕ್ಕೆ ಕೊಡುವ ಔಷಧವಲ್ಲ, ವ್ಯಕ್ತಿಗೆ ಕೊಡುವ ಔಷಧ. ಎಲ್ಲ ಮಕ್ಕಳಿಗೂ ಒಂದೇ ಗುಳಿಗೆ ಕೊಟ್ಟು ಅಳೆದರೆ ನಮ್ಮ ಪದ್ಧತಿ ಅಳತೆಗೆ ಸಿಗುವುದಿಲ್ಲ ಎನ್ನುತ್ತಾರೆ ಅವರು. ಆದರೆ ವೈದ್ಯರು ಪ್ರತಿ ಮಗುವಿಗೂ ಬೇರೆ ಬೇರೆ ಗುಳಿಗೆ ಆರಿಸಿ ಬರೆದ ನಂತರ, ಔಷಧ ಕಟ್ಟಿಕೊಡುವ ಕಡೆ ಅರ್ಧದಷ್ಟು ಮಕ್ಕಳಿಗೆ ಬರಿಯ ಸಕ್ಕರೆ ಗುಳಿಗೆ ಹೋಗುವಂತೆ ಮಾಡಿದರೆ ಈ ತೊಡಕು ಬಗೆಹರಿಯುತ್ತದೆ, ಹಾಗೆ ಮಾಡಿಯೂ ಆಗಿದೆ. ನಿಕರಾಗುವಾದಲ್ಲಿ ಭೇದಿಯಿಂದ ಬಳಲುತ್ತಿದ್ದ 81 ಮಕ್ಕಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಇಂಥ ಪ್ರಯೋಗದಲ್ಲಿ ಹೋಮಿಯೋಪತಿ ಪಡೆದ ಮಕ್ಕಳು ಸುಮಾರು ಒಂದು ದಿನ ಮೊದಲೇ ಚೇತರಿಸಿಕೊಂಡಂತೆ ಕಂಡಿತು. ಹೋಮಿಯೋಪತಿಯ ಪರವಾಗಿ ಇಂದಿಗೂ ಎತ್ತಿಹೇಳುವ ಅಧ್ಯಯನ ಅದು, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಅದನ್ನು ನಡೆಸಿದ ಸಂಶೋಧಕಿಯ ತಂಡವೇ ಮುಂದೆ ಹೊಂಡುರಾಸ್‌ನಲ್ಲಿ 292 ಮಕ್ಕಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯಾವ ಲಾಭವೂ ಕಾಣಲಿಲ್ಲ. ಎರಡನೆಯದರಲ್ಲಿ ಹಲವು ಔಷಧಗಳ ಮಿಶ್ರಣ ಬಳಸಿದ್ದರೆಂಬ ಸಮಜಾಯಿಷಿ ಇದೆ, ಒಪ್ಪೋಣ. ಆದರೆ ಅಂಗಡಿಗಳಲ್ಲಿ ಮಕ್ಕಳ ಕೆಮ್ಮಿಗೆ, ಹಲ್ಲು ಹುಟ್ಟುವ ನೋವಿಗೆ, ಹೊಟ್ಟೆಯುಬ್ಬರಕ್ಕೆ ಎಂದು ಯಾರನ್ನೂ ಕೇಳದೆ ಮಾರಾಟವಾಗುವುದು ಅಂಥ ಮಿಶ್ರಣಗಳೇ.

ಭೇದಿಯ ವಿಷಯ ಬಂದದ್ದರಿಂದ ಇತಿಹಾಸದ ಒಂದು ಪ್ರಸಂಗವನ್ನು ಬಿಡಿಸಿ ಹೇಳಲೇಬೇಕು. ಇಡೀ ವಿವಾದದ ಬೇರು ಅಲ್ಲಿದೆ. 1854ರಲ್ಲಿ ಲಂಡನ್ನಿಗೆ ಕಾಲರಾ ಬಂದಾಗ ಅಲ್ಲಿನ ಹೋಮಿಯೋಪತಿ ಆಸ್ಪತ್ರೆಯಲ್ಲಿ ಸತ್ತವರು ನೂರಕ್ಕೆ ಸುಮಾರು 16 ಮಂದಿ; ಉಳಿದ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಹೋಮಿಯೋಪತಿಯ ಅಭಿಮಾನಿಗಳು ಇದನ್ನು ದೊಡ್ಡ ಗೆಲುವೆಂದು ಬಣ್ಣಿಸುತ್ತಾರೆ. ಅಂದಿನ ಉಳಿದ ಆಸ್ಪತ್ರೆಗಳಲ್ಲಿ ಏನು ನಡೆಯುತ್ತಿತ್ತು? ನೀರೆಲ್ಲ ಬಸಿದುಹೋಗಿ ಸಾಯುತ್ತಿದ್ದ ರೋಗಿಯ ರಕ್ತ ತೆಗೆಯುತ್ತಿದ್ದರು, ಭೇದಿಗೆ ಕೊಡುತ್ತಿದ್ದರು, ಪಾದರಸದ ಲವಣ ನುಂಗಿಸುತ್ತಿದ್ದರು. ಹೋಮಿಯೋಪತಿಯವರು ಇವೊಂದನ್ನೂ ಮಾಡದೆ ಆರೈಕೆ ಮಾಡಿದರು. ಆಗಿನ ವೈದ್ಯಪದ್ಧತಿ ರೋಗಿಯನ್ನು ಕೊಲ್ಲುತ್ತಿತ್ತು, ಏನೂ ಮಾಡದಿರುವುದೇ ಮೇಲಾಗಿತ್ತು. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. 1971ರ ಬಾಂಗ್ಲಾ ಯುದ್ಧದ ದಿನಗಳಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟಲಿಗಳು ಮುಗಿದುಹೋದಾಗ, ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್‌ಗಳನ್ನು ಅಳತೆಯಲ್ಲಿ ಕುಡಿಯುವ ನೀರಿಗೆ ಬೆರೆಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇ 30ರಷ್ಟಿದ್ದ ಸಾವು ಶೇ 3.6ಕ್ಕೆ ಇಳಿಯಿತು. ಇಂದು ಪ್ರತಿ ಅಂಗನವಾಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣ ಅದೇ. ಅದಕ್ಕಿಂತ ಸಹಜವಾದ, ಅಗ್ಗವಾದ ಔಷಧ ಇನ್ನೊಂದುಂಟೇ? ವೈದ್ಯವಿಜ್ಞಾನ ತನ್ನ ತಪ್ಪನ್ನು ಅಳೆದು, ರಕ್ತ ತೆಗೆಯುವುದನ್ನು ಬಿಟ್ಟು, ಕೊನೆಗೆ ಉಪ್ಪು ಸಕ್ಕರೆಯ ನೀರಿಗೆ ಬಂದು ನಿಂತಿತು. ಹೋಮಿಯೋಪತಿ 1854ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ.

ಇಂದು ನೆಗಡಿ ಕೆಮ್ಮಿನ ವಿಷಯದಲ್ಲಿ ನಮ್ಮ ಊರುಗಳ ಅನೇಕ ಕ್ಲಿನಿಕ್ಕುಗಳು ಆ ಹಳೆಯ ಲಂಡನ್ನಿನ ತಪ್ಪನ್ನೇ ಮಾಡುತ್ತಿವೆ ಎಂಬ ಆರೋಪದಲ್ಲಿ ಹುರುಳಿದೆ. ವೈರಸ್‌ನಿಂದ ಬಂದ ನೆಗಡಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಭೇದಿಯನ್ನೂ ಮೈಮೇಲೆ ಗಂಧೆಯನ್ನೂ ತರಬಲ್ಲದು, ಮುಂದೆ ನಿಜವಾಗಿ ಬೇಕಾದಾಗ ಕೈಕೊಡುವ ರೋಗಾಣುಗಳನ್ನೂ ಬೆಳೆಸುತ್ತದೆ. ಆದರೂ ಬರೆಯುತ್ತಾರೆ. ಕೆಮ್ಮಿನ ಸಿರಪ್ಪುಗಳದ್ದು ಇನ್ನೂ ಘೋರ. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಸುತ್ತಮುತ್ತ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಮೂತ್ರಪಿಂಡ ಸೋತು ತೀರಿಹೋದರು. ನೆಗಡಿಯೆಂದು ಆಸ್ಪತ್ರೆಗೆ ಕರೆದೊಯ್ದ ಮಕ್ಕಳು ಅವು. ಇದನ್ನು ನೆನೆದರೆ ಇಂಗ್ಲಿಷ್ ಔಷಧಿಯೇ ಬೇಡವೆನ್ನುವ ತಾಯಿಯನ್ನು ದೂರಲು ಮನಸ್ಸು ಬರುವುದಿಲ್ಲ. ಆ ಸಾವುಗಳ ಬೆನ್ನಿಗೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚನೆ ಹೊರಡಿಸಿತು. ಹಾಗೆಂದು ಒಂದು ಅಂಗಡಿಯ ಸರಕು ಕೆಟ್ಟದ್ದೆಂಬುದು ಪಕ್ಕದ ಅಂಗಡಿಯ ಸರಕು ಒಳ್ಳೆಯದೆಂಬುದಕ್ಕೆ ಸಾಕ್ಷಿಯಾಗದು. ಸಿರಪ್ಪಿನಲ್ಲಿ ಲಾಭಕ್ಕಿಂತ ಹಾನಿ ಹೆಚ್ಚೆಂದು ನಮಗೆ ತಿಳಿದದ್ದು ಅದನ್ನು ಅಳೆದದ್ದರಿಂದ. ಅದೇ ಅಳತೆಗೋಲನ್ನು ಗುಳಿಗೆಗೂ ಕಷಾಯಕ್ಕೂ ಹಿಡಿಯಬೇಕು ಎನ್ನುವುದರಲ್ಲಿ ಪಕ್ಷಪಾತವೇನಿದೆ?

ನಮ್ಮ ಮನೆಮದ್ದುಗಳನ್ನು ಈ ಅಳತೆಗೋಲಿನಡಿ ತಂದಾಗ ಸಿಗುವ ಉತ್ತರ ಒಂದೇ ಬಗೆಯದಲ್ಲ, ಹಾಗಾಗಿಯೇ ನೈಸರ್ಗಿಕವೆಂಬ ಒಂದೇ ಚೀಟಿಯನ್ನು ಎಲ್ಲಕ್ಕೂ ಅಂಟಿಸುವುದು ಅಪಾಯ. ಕೆಮ್ಮುವ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ಏನೂ ಕೊಡದಿರುವುದಕ್ಕಿಂತ ಹಿತವೆಂದು ಪ್ರಯೋಗಗಳು ತೋರಿಸಿವೆ. ಅಜ್ಜಿಯ ಮಾತಿಗೆ ಇಲ್ಲಿ ಆಧಾರವಿದೆ. ಆದರೆ ಅದೇ ಜೇನು ಒಂದು ವರ್ಷ ತುಂಬದ ಕೂಸಿಗೆ ವಿಷವಾಗಬಲ್ಲದು. ಅದರಲ್ಲಿರಬಹುದಾದ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ಬಾಟ್ಯುಲಿಸಂ ಎಂಬ, ಸ್ನಾಯುಗಳ ಶಕ್ತಿಯನ್ನೇ ಉಡುಗಿಸುವ ಕಾಯಿಲೆ ತರುತ್ತವೆ. ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ, ಬಜೆ ತೇಯ್ದು ಕುಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಬಜೆಯಲ್ಲಿರುವ ಅಸರೋನ್ ಎಂಬ ಅಂಶ ಪ್ರಾಣಿಗಳಲ್ಲಿ ಗಡ್ಡೆ ತರಿಸುವುದು ಕಂಡುಬಂದು ಅಮೆರಿಕ ಅದನ್ನು 1968ರಲ್ಲೇ ಆಹಾರದಲ್ಲಿ ನಿಷೇಧಿಸಿತು. ಆರು ತಿಂಗಳವರೆಗೆ ತಾಯಿಹಾಲಿನ ಹೊರತು ಏನೂ ಬೇಡದ ಮಗುವಿಗೆ ಅದರ ಅಗತ್ಯವೂ ಇಲ್ಲ. ಬಾಡಿಸಿದ ದೊಡ್ಡಪತ್ರೆಯ ರಸ, ತುಳಸಿಯ ನೀರು, ಬಿಸಿಬಿಸಿ ಸಾರನ್ನ ಇವುಗಳಿಂದ ಕೆಮ್ಮು ಬೇಗ ವಾಸಿಯಾಗುತ್ತದೆಂದು ಖಚಿತ ಆಧಾರವಿಲ್ಲವಾದರೂ ವರ್ಷ ದಾಟಿದ ಮಗುವಿಗೆ ಮಿತವಾಗಿ ಕೊಟ್ಟರೆ ಬೆಚ್ಚಗಿನ ದ್ರವ ಹೊಟ್ಟೆಗೆ ಹೋಗುತ್ತದೆ, ಗಂಟಲಿಗೆ ಹಿತವಾಗುತ್ತದೆ. ಕರ್ಪೂರದ ಮಾತು ಬೇರೆ. ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಎದೆಗೆ ಮೂಗಿಗೆ ಹಚ್ಚುವ ಕರ್ಪೂರ ಅಲ್ಪಸ್ವಲ್ಪ ಹೊಟ್ಟೆಗೆ ಹೋದರೂ ಎಳೆಯ ಮಕ್ಕಳಿಗೆ ಫಿಟ್ಸ್ ಬರಬಹುದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಹಿಡಿದು ಹಬೆ ಕೊಡಲು ಹೋಗಿ ಸುಟ್ಟ ಗಾಯಗಳಾಗುತ್ತವೆ. ಎದೆ ಸೆಳೆತಕ್ಕೆ, ಕಾಮಾಲೆಗೆಂದು ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವುದಂತೂ ಚಿಕಿತ್ಸೆಯೇ ಅಲ್ಲ, ಕ್ರೌರ್ಯ. ಗಿಡಮೂಲಿಕೆಯದೆಂದು ಮಾರುವ ತಯಾರಿಕೆಗಳ ಮೇಲೂ ಕಣ್ಣಿರಬೇಕು: 2004ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್‌ಗಳಲ್ಲಿ ಒಂದಾದರೂ ಸಿಕ್ಕಿತು. ಸೀಸಕ್ಕೆ ಎಳೆಯ ಮಿದುಳಿನಷ್ಟು ಸುಲಭದ ತುತ್ತು ಬೇರೆ ಇಲ್ಲ.

ಇಷ್ಟಾದರೂ ಗುಳಿಗೆಯಿಂದ ನಷ್ಟವೇನು, ಸಕ್ಕರೆಯಷ್ಟೇ ತಾನೇ ಎಂದು ಕೇಳಬಹುದು. ನಷ್ಟ ಎರಡು ದಾರಿಯಲ್ಲಿ ಬರುತ್ತದೆ. ಹೆಚ್ಚು ತೆಳುವಾಗಿಸದ ಔಷಧಗಳಲ್ಲಿ ವಸ್ತು ನಿಜಕ್ಕೂ ಇರುತ್ತದೆ. ಹಲ್ಲು ಹುಟ್ಟುವ ನೋವಿಗೆಂದು ಅಮೆರಿಕದಲ್ಲಿ ಮಾರುತ್ತಿದ್ದ ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲ್ಲಡೋನಾ ಎಂಬ ವಿಷಸಸ್ಯದ ಅಂಶ ಏರುಪೇರಾಗಿರುವುದನ್ನು, ಕೆಲವೊಮ್ಮೆ ಚೀಟಿಯಲ್ಲಿ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚಿರುವುದನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಪತ್ತೆಹಚ್ಚಿ ಪೋಷಕರನ್ನು ಎಚ್ಚರಿಸಿತು. ಎರಡನೆಯ, ಇದಕ್ಕಿಂತ ದೊಡ್ಡ ನಷ್ಟ ವಿಳಂಬ. ಅದೇ 2017ರಲ್ಲಿ ಇಟಲಿಯಲ್ಲಿ ಏಳು ವರ್ಷದ ಹುಡುಗನೊಬ್ಬನ ಕಿವಿಯ ಸೋಂಕಿಗೆ ವಾರಗಟ್ಟಲೆ ಹೋಮಿಯೋಪತಿಯನ್ನಷ್ಟೇ ಕೊಡುತ್ತಿದ್ದು, ಸೋಂಕು ಮಿದುಳಿಗೆ ಹಬ್ಬಿ ಆತ ಆಸ್ಪತ್ರೆಯಲ್ಲಿ ಸತ್ತ. ಕಿವಿನೋವು ನೂರರಲ್ಲಿ ಬಹುಪಾಲು ತಾನೇ ಹೋಗುತ್ತದೆಂದು ಮೇಲೆ ಹೇಳಿದೆನಲ್ಲ, ಅದರ ಇನ್ನೊಂದು ಮುಖ ಇದು: ತಾನೇ ಹೋಗದ ಆ ಒಂದೆರಡನ್ನು ಗುರುತಿಸುವುದೇ ಮಕ್ಕಳ ವೈದ್ಯದ ಕಸುಬು. ನೂರು ನೆಗಡಿಗಳ ನಡುವೆ ಒಂದು ನ್ಯುಮೋನಿಯಾ ಇರುತ್ತದೆ. ಎಷ್ಟೋ ಉಬ್ಬಸದ ಮಕ್ಕಳ ನಡುವೆ ಇನ್‌ಹೇಲರ್ ಬೇಕಾದ ಆಸ್ತಮಾದ ಮಗುವಿರುತ್ತದೆ. ಪದೇ ಪದೇ ಹುಷಾರು ತಪ್ಪುವ, ಮಣ್ಣು ತಿನ್ನುವ, ಸಪ್ಪಗೆ ಕೂರುವ ಮಗುವಿನ ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಿರುವುದುಂಟು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಅಂಗನವಾಡಿಯಲ್ಲಿ ವಾರಕ್ಕೆರಡು ಬಾರಿ ಕೊಡುವ ಒಂದು ಮಿಲಿಲೀಟರ್ ಕಬ್ಬಿಣಾಂಶದ ಸಿರಪ್ ಇದನ್ನು ತಡೆಯುವ ಮದ್ದು. ಅನ್ನ ಬೇಳೆ ಸೊಪ್ಪಿನ ಜಾಗದಲ್ಲಿ ದಿನವಿಡೀ ಹಸುವಿನ ಹಾಲನ್ನೇ ಕುಡಿಸುವುದನ್ನು ನಿಲ್ಲಿಸುವುದೂ ಮದ್ದೇ, ಆ ಮಗುವಿನ ಮಲಬದ್ಧತೆಯೂ ಅದರಿಂದಲೇ ಸರಿಹೋಗುವುದುಂಟು. ಇವನ್ನೆಲ್ಲ ದೇಹಪ್ರಕೃತಿಗೆ ಕೊಡುವ ಚಿಕಿತ್ಸೆಯೆಂದು ಗುಳಿಗೆಯಲ್ಲಿ ಮುಳುಗಿಸಿದರೆ ಕಳೆದುಹೋಗುವ ವರ್ಷ ಮಿದುಳು ಬೆಳೆಯುವ ವರ್ಷ. ಲಸಿಕೆಯ ಬದಲು ಗುಳಿಗೆ ಸಾಕೆನ್ನುವವರ ಮಾತು ಕೇಳಿದರಂತೂ ನ್ಯುಮೋಕಾಕಲ್, ರೋಟಾವೈರಸ್, ದಡಾರಗಳಿಗೆ ಸರ್ಕಾರವೇ ಉಚಿತವಾಗಿ ಕೊಡುವ ರಕ್ಷಣೆಯನ್ನು ಮಗುವಿನ ಕೈಯಿಂದ ಕಿತ್ತುಕೊಂಡಂತೆ.

ಜನ ಹೋಮಿಯೋಪತಿಯತ್ತ ಹೋಗುವುದು ಅಜ್ಞಾನದಿಂದ ಎಂಬ ವಿವರಣೆಯನ್ನು ನಾನು ಒಪ್ಪಲಾರೆ. ಕರ್ನಾಟಕದಲ್ಲಿ ಅದರ ಚರಿತ್ರೆಯೇ ಬೇರೆ ಮಾತು ಹೇಳುತ್ತದೆ. ಜರ್ಮನ್ ಮೂಲದ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಹಂಚತೊಡಗಿದಾಗ ಆ ಜನರನ್ನು ಕೂರಿಸಿ ಕೇಳುವವರು ಬೇರೆ ಯಾರಿದ್ದರು? ಕುಷ್ಠರೋಗಿಗಳಿಗೆ ಜಾಗ ಕೊಟ್ಟವರು ಅವರು. ಇಂದು ಅವರು ಕಟ್ಟಿದ ಸಂಸ್ಥೆಯಡಿ ಹೋಮಿಯೋಪತಿ ಕಾಲೇಜಿನ ಜೊತೆಗೆ ದೊಡ್ಡ ಆಧುನಿಕ ಆಸ್ಪತ್ರೆಯೂ ವೈದ್ಯಕೀಯ ಕಾಲೇಜೂ ನಡೆಯುತ್ತಿವೆ. ಮುಲ್ಲರ್ ಗಳಿಸಿದ ಜನಪ್ರೀತಿ ಗುಳಿಗೆಯ ಶಕ್ತಿಗಿಂತ ಅವರ ಸೇವೆಯ ಫಲವೆಂದೇ ನಾನು ತಿಳಿಯುತ್ತೇನೆ. ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಸಂಧಿವಾತದ 83 ರೋಗಿಗಳಲ್ಲಿ ಗುಳಿಗೆಯ ಪರಿಣಾಮವನ್ನೂ ಹೋಮಿಯೋಪತಿ ವೈದ್ಯರೊಡನೆ ನಡೆಯುವ ದೀರ್ಘ ಮಾತುಕತೆಯ ಪರಿಣಾಮವನ್ನೂ ಬೇರ್ಪಡಿಸಿ ನೋಡಿದರು. 2011ರಲ್ಲಿ ಬಂದ ಫಲಿತಾಂಶ: ರೋಗಿಗಳಿಗೆ ಹಿತವಾದದ್ದು ಮಾತುಕತೆಯಿಂದ, ಗುಳಿಗೆಯಿಂದ ಅಲ್ಲ. ಮಗು ಹೇಗೆ ನಿದ್ದೆ ಮಾಡುತ್ತದೆ, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದು ಮುಕ್ಕಾಲು ಗಂಟೆ ಕೇಳುವ ವೈದ್ಯರ ಮುಂದೆ, ಮೂರು ನಿಮಿಷದಲ್ಲಿ ಐದು ಔಷಧ ಬರೆದು ಮುಂದಿನ ಟೋಕನ್ ಕರೆಯುವ ವೈದ್ಯರು ಸೋಲುವುದು ನ್ಯಾಯವೇ. ಸಾಯಂಕಾಲದ ಓಪಿಡಿಯಲ್ಲಿ ಅರವತ್ತು ಮಕ್ಕಳನ್ನು ನೋಡಬೇಕಾದವರ ಕಷ್ಟವೂ ನಿಜ. ಔಷಧ ಬರೆಯದಿದ್ದರೆ ಇವರಿಗೇನೂ ಗೊತ್ತಿಲ್ಲವೆಂದು ಪೋಷಕರು ಬೇರೆ ಕ್ಲಿನಿಕ್ಕಿಗೆ ಹೋಗುತ್ತಾರೆ. ಆದರೆ ಮಗುವಿಗೆ ಔಷಧ ಬೇಡ ಎಂದು ಮನವರಿಕೆ ಮಾಡಿಕೊಡುವ ಕೆಲಸ, ಔಷಧ ಬರೆಯುವುದಕ್ಕಿಂತ ಹೆಚ್ಚು ಸಮಯ ಬೇಡುವ ವೈದ್ಯಕೀಯ ಕೆಲಸ. ಅದಕ್ಕೆ ಸಮಯವನ್ನೂ ಸಂಭಾವನೆಯನ್ನೂ ಕೊಡಬೇಕಾದದ್ದು ಸಮಾಜ.

ಸರ್ಕಾರದ ಪಾಲು ಇನ್ನೂ ದೊಡ್ಡದು. 2014ರಿಂದ ಆಯುಷ್‌ಗೆ ಪ್ರತ್ಯೇಕ ಸಚಿವಾಲಯವೇ ಇದೆ, 2020ರಲ್ಲಿ ಹೋಮಿಯೋಪತಿಗೆ ರಾಷ್ಟ್ರೀಯ ಆಯೋಗ ರಚಿಸುವ ಕಾಯ್ದೆ ಬಂತು. ಆದರೆ ಅದೇ 2020ರ ಜನವರಿಯಲ್ಲಿ, ಹೊಸ ಕೊರೊನಾ ವೈರಸ್ ಬಗ್ಗೆ ಜಗತ್ತಿಗೆ ಹೆಚ್ಚೇನೂ ತಿಳಿಯದಿದ್ದ ಹೊತ್ತಿನಲ್ಲಿ, ಅದನ್ನು ತಡೆಯಲು ಆರ್ಸೆನಿಕಂ ಆಲ್ಬಂ 30 ತೆಗೆದುಕೊಳ್ಳಬಹುದೆಂದು ಸಚಿವಾಲಯವೇ ಸೂಚನೆ ಕೊಟ್ಟಿತು. ಯಾವ ಪ್ರಯೋಗವೂ ಅದಕ್ಕೆ ಮೊದಲು ನಡೆದಿರಲಿಲ್ಲ. ಸರ್ಕಾರದ ಮುದ್ರೆಯೇ ಬಿದ್ದ ಮೇಲೆ ಸಾಮಾನ್ಯ ಪೋಷಕರನ್ನು ಪ್ರಶ್ನಿಸಿ ಪ್ರಯೋಜನವಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆಂದು ಮಾರುವ ಯಾವುದೇ ಪದ್ಧತಿಯ ತಯಾರಿಕೆಯಾಗಲಿ, ಅದು ಇಂಥ ಕಾಯಿಲೆಗೆ ಒಳ್ಳೆಯದೆಂದು ಪೆಟ್ಟಿಗೆಯ ಮೇಲೆ ಬರೆಯಬೇಕಾದರೆ ಮಕ್ಕಳ ಮೇಲೆ ನಡೆದ ಹೋಲಿಕೆಯ ಪ್ರಯೋಗದ ಆಧಾರ ತೋರಿಸಬೇಕು, ಒಳಗೆ ಏನಿದೆ ಎಷ್ಟಿದೆ ಎಂಬುದನ್ನು ಕನ್ನಡದಲ್ಲಿ ಓದುವಂತೆ ಮುದ್ರಿಸಬೇಕು, ಸೀಸ ಪಾದರಸಗಳ ಪರೀಕ್ಷೆಯಾಗದ ಒಂದು ಬಾಟಲಿಯೂ ಅಂಗಡಿಗೆ ಬರಬಾರದು. ಇದರಿಂದ ಸಿರಪ್ಪಿನ ಕಂಪನಿಗಳಿಗೂ ಅಷ್ಟೇ ಬಿಸಿ ತಟ್ಟುತ್ತದೆ, ತಟ್ಟಲಿ.

ಕಾನೂನು ಬರುವವರೆಗೆ ಕಾಯದೆ ಇವತ್ತೇ ಮಾಡಬಹುದಾದದ್ದೂ ಇದೆ. ವರ್ಷ ದಾಟಿದ ಮಗು ಮಲಗಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಾಗ ಅದು 40 ಅಥವಾ ಹೆಚ್ಚಿದ್ದರೆ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ ಅದು ಬರಿಯ ನೆಗಡಿಯಲ್ಲ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಎರಡು ತಿಂಗಳೊಳಗಿನ ಕೂಸಾದರೆ ಜ್ವರವೊಂದೇ ಸಾಕು ಒಯ್ಯಲು. ಕುಡಿದದ್ದೆಲ್ಲ ವಾಂತಿಯಾಗುವುದು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಭೇದಿಯ ಜೊತೆ ಗಂಟೆಗಟ್ಟಲೆ ಮೂತ್ರವಿಲ್ಲದಿರುವುದು, ತೂಕ ಏರದಿರುವುದು ಇವೂ ಅಂಥವೇ. ಆಶಾ ಕಾರ್ಯಕರ್ತೆಯರಿಗೆ ಇವನ್ನೆಲ್ಲ ತರಬೇತಿಯಲ್ಲಿ ಕಲಿಸಿಯೇ ಇದ್ದಾರೆ. ಹೆತ್ತವರಿಗೆ ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಔಷಧವಿಲ್ಲದೆ ಮಗುವನ್ನು ಮನೆಗೆ ಕಳಿಸುವ ಪ್ರತಿ ವೈದ್ಯರೂ, ಅವರು ಯಾವ ಪದ್ಧತಿಯವರೇ ಆಗಿರಲಿ, ಇಷ್ಟು ಸಾಲುಗಳನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟು, ರಾತ್ರಿ ಹೀಗಾದರೆ ಯಾವ ಆಸ್ಪತ್ರೆಗೆ ಹೋಗಬೇಕೆಂದು ಅದರ ಕೆಳಗೇ ಬರೆಯಬೇಕು.